ಕಲಾಯಿ ಇಲ್ಲದ ಹಂಡೆ

ಕೈ ಮುಗಿದುಕೊಂಡೇ ಮಾತಾಡುವ ಮುಂದಾಳುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಎರಡೂ ಕಡೆ ತೂಗಿ ನೋಡಿ ಬರೆಯುವ ಸಮಾಧಾನಿ ಎಂದು ಯಾರೂ ತಪ್ಪು ತಿಳಿಯಬಾರದು. ಮಾನ್ವಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಕೆಲಸ. ನನ್ನ ಕೈಕೆಳಗಿರುವ ಇಬ್ಬರು ನನ್ನ ಬೈಗುಳ ಕೇಳಿ ಕೇಳಿ ಕಿವಿ ಗಟ್ಟಿ ಮಾಡಿಕೊಂಡಿದ್ದಾರೆ. ನನಗೆ ವಿನಯವಿಲ್ಲ ಎಂಬುದು ಊರಿಗೆಲ್ಲ ಗೊತ್ತು. ನನ್ನ ಹೆಂಡತಿಗೆ ಊರಿಗಿಂತ ಮೊದಲೇ ಗೊತ್ತಾಗಿತ್ತು. ಆದರೆ ನಾನು ಸುತ್ತಿಕೊಟ್ಟ ಮೋಟರು ವಾರದೊಳಗೆ ಹೊಗೆ ಕಾರಿ ವಾಪಸು ಬಂದರೆ, "ನಾನೇ ಕೆಡಿಸೀನಿ, ಇಟ್ಟು ಹೋಗು" ಅನ್ನುತ್ತೇನೆ. ವೋಲ್ಟೇಜಿನ ಮೇಲೆ ಹಾಕುವುದಿಲ್ಲ, ಕೈಕೆಳಗಿನವರ ಮೇಲೂ ಹಾಕುವುದಿಲ್ಲ. ಹಾಗೆ ಹೇಳುವಾಗ ಕೈ ಮುಗಿಯುವುದೂ ಇಲ್ಲ, ಮುಖ ಗಂಟು ಹಾಕಿಕೊಂಡೇ ಹೇಳುತ್ತೇನೆ.

ನಾನು ಹೇಳಹೊರಟಿರುವ ಸಾಹುಕಾರ ನನಗೆ ಪೂರ್ತಿ ತದ್ವಿರುದ್ಧ. ಊರಿನ ದೊಡ್ಡ ಅಕ್ಕಿ ಗಿರಣಿಗಳಲ್ಲಿ ಒಂದು ಅವನದು. ಎದುರಿಗೆ ಯಾರು ಬರಲಿ, ಎರಡೂ ಕೈ ಎದೆಗೆ ಬಂದುಬಿಡುತ್ತವೆ. "ಶರಣ್ರೀ, ಶರಣು" ಎಂದು ಸೊಂಟ ಬಗ್ಗಿಸುತ್ತಾನೆ. ಮೂಟೆ ಹೊರುವ ಹಮಾಲನಿಗೂ "ಅಪ್ಪಾರ" ಅನ್ನುತ್ತಾನೆ. "ನಾ ಏನ್ರೀ, ನಿಮ್ಮ ಪಾದದ ಧೂಳಿ" ಎಂಬುದು ಅವನ ಬಾಯಲ್ಲಿ ಉಗುಳಿನಷ್ಟು ಸಲೀಸು. ಅವನು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವವನೇ ಊರಲ್ಲಿ ಕೆಟ್ಟವನಾಗುತ್ತಾನೆ. ಆ ಕೆಟ್ಟವನು ನಾನು.

ಪ್ರತಿ ವರ್ಷ ಯುಗಾದಿಗೆ ಮುಂಚೆ ನಮ್ಮ ರಸ್ತೆಯ ಮೇಲೆ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರ ಸಾಲು ಹತ್ತುತ್ತದೆ. ಬಿಸಿಲು ನೆತ್ತಿ ಸುಡುವ ಕಾಲ. ಹೆಗಲ ಮೇಲೆ ಕಾವಡಿಯಂಥ ಕಂಬಿ, ತಲೆಗೆ ಒದ್ದೆ ಟವೆಲ್ಲು, ಕಾಲಲ್ಲಿ ನೀರುಗುಳ್ಳೆ. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡೇ ಬರುತ್ತಾರೆ. ಅವರಿಗಾಗಿ ದಾರಿಯುದ್ದಕ್ಕೂ ಊಟ, ನೆರಳು, ಔಷಧಿಯ ಬಿಡಾರಗಳು. ನೀರಮಾನ್ವಿ ದಾಟಿ ಕಲ್ಲೂರಿನ ಕಡೆ ಹೋಗುವಾಗ ರಸ್ತೆ ಪಕ್ಕದ ಹೊಲದಲ್ಲಿ ಹಾಕುವ ಬಿಡಾರ ನಮ್ಮದು. ಮುಂದಾಳು ಸಾಹುಕಾರ. ಅವನ ಕೆಳಗೆ ಹತ್ತು ಹನ್ನೆರಡು ಜನ ನಾವು. ಜನರೇಟರು, ದೀಪ, ನೀರಿನ ಮೋಟರು, ಮೈಕು ನನ್ನ ಪಾಲು. ಅಡುಗೆಗೆ ಒಬ್ಬ, ಅವನ ಕೈಗೆ ನಾಲ್ವರು. ಮಜ್ಜಿಗೆಗೆ ಒಬ್ಬಳು ಹೆಂಗಸು.

ಆಕೆಯನ್ನು ಎಲ್ಲರೂ ಮಜ್ಜಿಗೆಯವ್ವ ಎಂದೇ ಕರೆಯುವುದು. ದೇವದುರ್ಗದ ಕಡೆಯ ಕೂಲಿ ಮನೆತನ. ಭತ್ತದ ನಾಟಿಗೆಂದು ಹರೆಯದಲ್ಲಿ ಈ ಕಡೆ ಬಂದವಳು ಇಲ್ಲೇ ನಿಂತಳು. ಸೊಂಟ ಬಗ್ಗದಂತಾದ ಮೇಲೆ ಎರಡು ಎಮ್ಮೆ ಕಟ್ಟಿ, ಮಾನ್ವಿ ಬಸ್‌ಸ್ಟ್ಯಾಂಡಿನ ಎದುರು ಮಣ್ಣಿನ ಗಡಿಗೆ ಇಟ್ಟುಕೊಂಡು ಮಜ್ಜಿಗೆ ಮಾರುತ್ತಿದ್ದಳು. ಶುಂಠಿ, ಕೊತ್ತಂಬರಿ, ಮೇಲೆ ಚೂರು ಉಪ್ಪು. ರಾಯಚೂರು ಬಸ್ಸಿನ ಕಂಡಕ್ಟರುಗಳು ಸೀಟಿ ಊದುವ ಮುಂಚೆ ಆಕೆಯ ಹತ್ತಿರ ಒಂದು ಲೋಟ ಮುಗಿಸಿಯೇ ಹತ್ತುತ್ತಿದ್ದರು. ಆ ಗಡಿಗೆಯೇ ಆಕೆಯ ಹೊಟ್ಟೆಪಾಡು. ಬಿಡಾರದಲ್ಲಿ ಮಾತ್ರ ಆಕೆ ಸೇವೆಯೆಂದು ಬಂದು ಮಾಡುತ್ತಿದ್ದಳು.

ಸಾಹುಕಾರನ ಸೇವೆ ಪಾದ ತೊಳೆಯುವುದು. ಒಂದು ದೊಡ್ಡ ಹಿತ್ತಾಳೆಯ ತಟ್ಟೆ, ಬೆಚ್ಚಗಿನ ಉಪ್ಪುನೀರು, ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲಕ್ಕೆ ಕೂತು, ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆಯುತ್ತಿದ್ದ. ಅವನ ಭಾವಮೈದುನ ಎದುರಿಗೆ ಮೊಬೈಲ್ ಹಿಡಿದು ನಿಲ್ಲುತ್ತಿದ್ದ. ವಿಡಿಯೊ ಸರಿ ಬರುವವರೆಗೆ ಭಕ್ತ ಕಾಲು ಎತ್ತುವಂತಿಲ್ಲ. ನಿದ್ದೆಗೆ ತೂಗುತ್ತಿದ್ದ ಮುದುಕರು ತಟ್ಟೆಯಲ್ಲಿ ಕಾಲಿಟ್ಟುಕೊಂಡು, ಇದು ಯಾವಾಗ ಮುಗಿಯುತ್ತದೋ ಎಂದು ಸುಮ್ಮನೆ ಕೂತಿರುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಂಜೆಗೆ ಊರಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಸಾಹುಕಾರನ ಬಗ್ಗಿದ ತಲೆ.

ಮೊದಲ ವರ್ಷ ನಾನೂ ಮರುಳಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಅನ್ನ ಸೀದುಹೋದ ದಿನ ಅಡುಗೆಯವನು ಹೆದರಿ ಮೂಲೆ ಸೇರಿದ್ದ. ಸಾಹುಕಾರ ಮೈಕ್ ಹಿಡಿದು, "ತಪ್ಪು ನಂದೇ ರೀ, ಉರಿ ನಾ ನೋಡಬೇಕಿತ್ತು" ಅಂದ. ಎಂಥ ಮುಂದಾಳು ಎಂದು ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಅಂಗಡಿಯ ಇಬ್ಬರಿಗೆ ಆ ವಾರ ಸ್ವಲ್ಪ ಕಡಿಮೆಯೇ ಬೈದೆ.

ಆಮೇಲೆ ಆಮೇಲೆ ನನಗೆ ಆಟ ತಿಳಿಯುತ್ತ ಬಂತು. ತಾನು ಮಾಡದ ತಪ್ಪನ್ನು ಸಾಹುಕಾರ ಖುಷಿಯಿಂದ ಹೊತ್ತುಕೊಳ್ಳುತ್ತಿದ್ದ. ತಾನು ಮಾಡಿದ್ದರ ಮಾತು ಬಂದಾಗ ಮಾತ್ರ ಆ ಜಾಗದಲ್ಲಿ ಗಾಳಿಯೇ ಆಡುತ್ತಿರಲಿಲ್ಲ. ಒಂದು ವರ್ಷ ನೀರಿನ ಟ್ಯಾಂಕರಿಗೆ ಹೇಳುತ್ತೇನೆಂದು ಹೇಳಿ ಮರೆತ. ಮಧ್ಯಾಹ್ನದ ಹೊತ್ತಿಗೆ ನೀರಿಲ್ಲ. ಆ ದಿನ "ತಪ್ಪು ನಂದೇ" ಎಂಬ ಮಾತು ಹೊರಡಲಿಲ್ಲ, "ದೇವರು ಪರೀಕ್ಷಾ ಮಾಡಾಕತ್ಯಾನ" ಎಂಬ ಮಾತು ಹೊರಟಿತು. ಮಾಡದ ತಪ್ಪನ್ನು ಹೊರುವುದರಲ್ಲಿ ಏನು ಭಾರವಿದೆ? ಖಾಲಿ ಚೀಲ. ಹೆಗಲಿಗೆ ಹಾಕಿಕೊಂಡು ಊರೆಲ್ಲ ತಿರುಗಬಹುದು.

ಈ ಸಲದ ಬಿಡಾರಕ್ಕೆ ತಿಂಗಳು ಮುಂಚೆ ಗಿರಣಿಯ ಅಂಗಳದಲ್ಲಿ ನಮ್ಮನ್ನೆಲ್ಲ ಕೂರಿಸಿ ಸಾಹುಕಾರ ಒಂದು ಹೊಸ ಸಂಗತಿ ಹೇಳಿದ. ಮಜ್ಜಿಗೆಗೆ ಪ್ಲಾಸ್ಟಿಕ್ ಡ್ರಮ್ಮು ಬೇಡವಂತೆ. ಅವನ ಮುತ್ತ್ಯಾ, ಅಂದರೆ ಅಜ್ಜ, ತನ್ನ ಕಾಲದಲ್ಲಿ ಮದುವೆಗಳಿಗೆ ಕೊಡುತ್ತಿದ್ದ ಹಿತ್ತಾಳೆಯ ಹಂಡೆ ಅಟ್ಟದ ಮೇಲಿದೆ, ಅದನ್ನೇ ಇಳಿಸುತ್ತೇನೆ ಎಂದ. ನಾನು ಕೇಳಿದೆ: "ಕಲಾಯಿ ಅದ ಏನ್ರಿ ಅದಕ್ಕ?"

ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಬಳಿಸದೆ ಹುಳಿ ಪದಾರ್ಥ ಹಾಕಬಾರದು ಎಂಬುದು ನಮ್ಮ ಕಡೆ ಮನೆಮನೆಗೂ ಗೊತ್ತಿರುವ ವಿಷಯ. ಹಾಕಿದರೆ ಕಿಲುಬು ಬಿಟ್ಟುಕೊಳ್ಳುತ್ತದೆ, ತಿಂದವರಿಗೆ ವಾಂತಿ.

"ಅದನ್ನ ನನಗ ಬಿಡ್ರೆಪ್ಪಾ," ಅಂದ ಸಾಹುಕಾರ, ಕೈ ಮುಗಿದು. "ಹೆಂಗೂ ರಾಯಚೂರಿಗೆ ಹೋಗೂದದ. ನಾನೇ ಕೂತು ಕಲಾಯಿ ಹಾಕಸ್ಕೊಂಡು ಬರ್ತೀನಿ. ಅದು ನನ್ನ ಜವಾಬ್ದಾರಿ."

ಬಿಡಾರದ ಮೊದಲ ಸಂಜೆ ಹಂಡೆ ಟ್ರ್ಯಾಕ್ಟರಿನಲ್ಲಿ ಬಂತು. ಹೊರಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಕನ್ನಡಿ ಮಾಡಿದ್ದರು. ಕೊರಳಿಗೆ ಚೆಂಡುಹೂವಿನ ಮಾಲೆ, ಮೂರು ಬೆರಳ ವಿಭೂತಿ. ನಾನು ಬಗ್ಗಿ ಒಳಗೆ ನೋಡಿದೆ. ತವರದ ಬಿಳುಪು ಅಲ್ಲಲ್ಲಿ ಚಕ್ಕೆಯಷ್ಟು ಉಳಿದಿತ್ತು, ಉಳಿದದ್ದೆಲ್ಲ ಬರಿ ಹಳದಿ ಹಿತ್ತಾಳೆ.

"ಇದಕ್ಕ ಕಲಾಯಿ ಆಗಿಲ್ರೀ," ಅಂದೆ. ಎಲ್ಲರೂ ಕೇಳುವಂತೆಯೇ ಅಂದೆ. ಮೆಲ್ಲಗೆ ಹೇಳುವುದು ನನಗೆ ಬರುವುದಿಲ್ಲ.

ಸಾಹುಕಾರ ನಕ್ಕ. "ಹಳೀ ಕಾಲದ ಕಲಾಯಿ ಅದು ತಮ್ಮಾ, ಈಗಿನವ್ರು ಹಾಕೂ ಕಲಾಯಿಗಿಂತ ಗಟ್ಟಿ ಅದ. ನೀ ಕರೆಂಟ್ ನೋಡ್ಕೋಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ."

ಎಲ್ಲರೂ ನಕ್ಕರು. ಹೀಗೆ ಕಾಲಿಗೆ ಬೀಳುತ್ತೇನೆ ಅನ್ನುವವನ ಜತೆ ವಾದ ಮಾಡುವುದು ಹೇಗೆ? ಅವನು ಒಂದು ಮೆಟ್ಟಿಲು ಕೆಳಗೆ ಇಳಿದುಬಿಡುತ್ತಾನೆ, ಮೇಲೆ ನಿಂತ ನೀನು ಸೊಕ್ಕಿನವನಾಗಿ ಕಾಣುತ್ತೀಯ. ಮಜ್ಜಿಗೆಯವ್ವ ತನ್ನ ಸ್ಟೀಲ್ ಕ್ಯಾನುಗಳನ್ನು ತಂದು ಹಂಡೆಯ ಮುಂದೆ ನಿಂತಿದ್ದಳು. ಸುರಿಯಲಿಲ್ಲ.

"ಯಪ್ಪಾ, ಇದರಾಗ ಹಾಕ್ಲೇನ್ರಿ?"

"ಹಾಕವ್ವಾ. ನಾ ಹೇಳಾಕತ್ತೀನಿ, ಧೈರ್ಯಲೆ ಹಾಕು. ನಮ್ಮ ಮುತ್ತ್ಯಾನ ಆಶೀರ್ವಾದ ಅದ ಇದರಾಗ."

ಆಕೆ ಹಾಕಿದಳು. ಬೆಳಿಗ್ಗೆ ಬರುವವರಿಗೆ ತಯಾರಿರಲಿ ಎಂದು ಸಂಜೆಯೇ ತುಂಬಿಸಿದ ಮಜ್ಜಿಗೆ ಬೆಳಗಿನವರೆಗೂ ಅದರಲ್ಲೇ ಹುಳಿಯಿತು.

ಮರುದಿನ ಬಿಸಿಲೇರುವ ಮುಂಚೆ ದೊಡ್ಡದೊಂದು ತಂಡ ಬಂತು. ಬಂದವರೆಲ್ಲ ಮೊದಲು ಹೋಗಿದ್ದು ಹಂಡೆಯ ಹತ್ತಿರ. ಕುಡಿದು ಮರದ ನೆರಳಿಗೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಒಬ್ಬ ಎದ್ದು ಬೇಲಿಯ ಕಡೆ ಓಡಿದ. ಅವನ ಹಿಂದೆ ಇಬ್ಬರು. ಆಮೇಲೆ ಓಡಲಿಕ್ಕೂ ಆಗದೆ ಕೂತಲ್ಲೇ ಕಾರಿಕೊಂಡರು. ಮುದುಕಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಸುರುಳಿ ಸುತ್ತಿಕೊಂಡಳು. ನಾನು ಕಲ್ಲೂರಿಗೆ ಮೋಟರ್‌ಸೈಕಲ್ ಓಡಿಸಿ ಡಾಕ್ಟರನ್ನು ಕರೆತಂದೆ. ಅವರು ಸಲೈನು ಹಚ್ಚಿದರು, ಸೂಜಿ ಹಾಕಿದರು. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ. ಸಂಜೆಗೆ ಎಲ್ಲರೂ ಎದ್ದು ಕೂತರು.

ಸಲೈನು ಹಚ್ಚಿದ ಮೇಲೆ ಡಾಕ್ಟರು ಪಾತ್ರೆ ತೋರಿಸಿ ಅಂದರು. ಸಾಹುಕಾರ, ನಾನು ಇಬ್ಬರೇ ಜತೆಗೆ ಹೋದೆವು. ಅವರು ತಳದ ಮಜ್ಜಿಗೆ ಚೆಲ್ಲಿಸಿ ಒಳಮೈಯನ್ನು ಉಗುರಿನಿಂದ ಕೆರೆದರು. ಉಗುರಿಗೆ ಹಸಿರು ಬಂತು.

"ಕಲಾಯಿ ಎಲ್ಲಿ ಅದರೀ ಇದಕ್ಕ?" ಅಂದರು. "ಹುಳಿ ಮಜ್ಗಿ ಇಷ್ಟೊತ್ತು ಇದರಾಗ ಇಟ್ರ ಇನ್ನೇನಾಗ್ತದ? ಇನ್ನೊಂದೀಟು ಕುಡಿದಿದ್ರ ಏನ್ ಗತಿ ಇತ್ತು?"

ಸಾಹುಕಾರನ ಮುಖ ಬೆಳ್ಳಗಾಯಿತು. ಡಾಕ್ಟರಿಗೆ ಕೈ ಮುಗಿದ. ಹಂಡೆಯನ್ನು ತಕ್ಷಣ ಟ್ರ್ಯಾಕ್ಟರಿಗೆ ಹಾಕಿಸಿ ಊರಿಗೆ ಕಳಿಸಿದ. ಆಮೇಲೆ ಸೀದಾ ನನ್ನ ಮೈಕಿನ ಹತ್ತಿರ ಬಂದ. ಈಗ ಹೇಳುತ್ತಾನೆ ಎಂದುಕೊಂಡೆ. ಹೇಳಲೇಬೇಕಲ್ಲ, ಇನ್ನೇನು ಉಳಿದಿದೆ ಎಂದುಕೊಂಡೆ. ಅವನು ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಶರಣರೇ, ತಪ್ಪು ಯಾರದೂ ಅಲ್ಲ, ನಂದೇ. ಯಾರ ಕೈಯಾಗ ಏನ್ ಕೊಡಬೇಕು ಅನ್ನೂದು ಮುಂದಾಳಾದವ್ನು ತಿಳ್ಕೊಂಡಿರಬೇಕು. ಬಡವರು, ಸೇವಾ ಮಾಡ್ಲಿ ಅಂತ ಮಜ್ಗಿ ಕೆಲಸಕ್ಕ ಇಟ್ಕೊಂಡೆ. ಚೊಕ್ಕ ಅದ ಇಲ್ಲ ಅಂತ ನೋಡ್ಲಿಲ್ಲ. ಅದು ನನ್ನ ತಪ್ಪು. ಆಕಿಗೆ ಯಾರೂ ಒಂದ್ ಮಾತು ಅನಬ್ಯಾಡ್ರಿ. ಹೊಡಿಯೂದಿದ್ರ ನನಗ ಹೊಡೀರಿ."

ಎಷ್ಟು ಚೆಂದಾಗಿ ಹೇಳಿದ ನೋಡಿ! ಒಂದೇ ಉಸಿರಿನಲ್ಲಿ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡ, ಅದೇ ಉಸಿರಿನಲ್ಲಿ ಆಕೆಯ ತಲೆ ಮೇಲೆ ಇಳಿಸಿದ. ಚೊಕ್ಕ ಎಂಬ ಒಂದು ಶಬ್ದ ಸಾಕಾಯಿತು. ದೇವದುರ್ಗದ ಕಡೆಯವರು, ಅವರ ಮನೆಯ ಪಾತ್ರೆ, ಅವರ ಕೈ ಎಂದು ಜನ ಮಿಕ್ಕಿದ್ದನ್ನು ತಾವೇ ತುಂಬಿಕೊಂಡರು. ಸಲೈನು ಹಚ್ಚಿಕೊಂಡು ಮಲಗಿದ್ದವನೊಬ್ಬ ಕಣ್ಣೊರೆಸಿಕೊಂಡು, "ಎಂಥಾ ದೊಡ್ಡ ಮನಸು" ಅಂದ. ಮಜ್ಜಿಗೆಯವ್ವ ಖಾಲಿ ಕ್ಯಾನು ಹಿಡಿದು ನಿಂತಿದ್ದಳು. ಎಲ್ಲರೂ ಆಕೆಯನ್ನು ನೋಡುತ್ತಿದ್ದರು, ಯಾರೂ ಒಂದು ಮಾತೂ ಅನ್ನಲಿಲ್ಲ. ಅನ್ನಬೇಡಿ ಎಂದು ದೊಡ್ಡವರು ಹೇಳಿದ್ದರಲ್ಲ.

ನಾನು ಮೈಕ್ ಕಸಿದುಕೊಂಡು ಹಂಡೆಗೆ ಕಲಾಯಿ ಇರಲಿಲ್ಲ ಎಂದು ಕೂಗಿದೆ. ಡಾಕ್ಟರು ಅಷ್ಟು ಹೊತ್ತಿಗೆ ಹೋಗಿದ್ದರು, ಹಂಡೆಯೂ ಹೋಗಿತ್ತು. "ಇವಂದು ಯಾವಾಗ್ಲೂ ಹಿಂಗ, ಸಾಹುಕಾರ್ರನ್ನ ಕಂಡ್ರ ಹೊಟ್ಟಿಕಿಚ್ಚು" ಎಂದು ಅಡುಗೆಯವನು ಅಂದ. ಹೌದು, ಅದೇ ಅಡುಗೆಯವನು, ಅನ್ನ ಸೀದಾಗ ಮೂಲೆ ಸೇರಿದ್ದವನು. ಸಾಹುಕಾರ ನನ್ನ ಹೆಗಲ ಮೇಲೆ ಕೈಯಿಟ್ಟು, "ಸಿಟ್ಟು ಮಾಡ್ಕೋಬ್ಯಾಡ ತಮ್ಮಾ, ನಿನ್ನ ಸಿಟ್ಟೂ ನನ್ನ ತಪ್ಪೇ" ಅಂದ. ಆ ಕೈಯನ್ನು ಕೊಡವಿದೆ. ಕೊಡವಿದ್ದನ್ನು ಭಾವಮೈದುನ ಮೊಬೈಲಿನಲ್ಲಿ ಹಿಡಿದುಕೊಂಡ.

ಮಾನ್ವಿ ಬಸ್‌ಸ್ಟ್ಯಾಂಡಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಮಜ್ಜಿಗೆಯವ್ವ ಎಂದಿನಂತೆ ಗಡಿಗೆ ಇಟ್ಟುಕೊಂಡು ಕೂತಳು. ಕಂಡಕ್ಟರುಗಳು ಆಕೆಯ ಮುಂದೆ ಬರುವಾಗ ಮೊಬೈಲು ನೋಡಿಕೊಂಡು ಹೋಗತೊಡಗಿದರು. ಎದುರಿನ ಅಂಗಡಿಯವನು ಕೂಲ್‌ಡ್ರಿಂಕ್ಸ್ ಬಾಟಲಿಗಳ ಪೆಟ್ಟಿಗೆಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ. ನಾನು ದಿನಾ ಹೋಗಿ ಆಕೆಯ ಮುಂದೆ ನಿಂತು, ಎಲ್ಲರಿಗೂ ಕಾಣುವಂತೆ ಎರಡೆರಡು ಲೋಟ ಕುಡಿದೆ. ಏನು ಪ್ರಯೋಜನ? ನನ್ನಂಥ ಬಾಯಿಹರುಕ ಕುಡಿದರೆ ಅದು ಆಕೆಯ ಪರವಾದ ಸಾಕ್ಷಿಯಾಗುವುದಿಲ್ಲ, ಸಾಹುಕಾರನ ವಿರುದ್ಧದ ಜಗಳವಾಗುತ್ತದೆ. ಸಂಜೆಗೆ ಆಕೆ ತುಂಬಿದ ಗಡಿಗೆಯನ್ನು ಹಾಗೇ ಹೊತ್ತು ಮನೆಗೆ ಹೋಗಿ ಎಮ್ಮೆಗಳ ಮುಂದೆಯೇ ಸುರಿಯುತ್ತಿದ್ದಳು.

"ಒಂದ್ ಎಮ್ಮಿ ಮಾರ್ತೀನಿ ಅಂತ ಹೇಳೀನಿ ತಮ್ಮಾ," ಅಂದಳು ಒಂದು ದಿನ. "ನೋಡಾಕ ಬಂದವ್ರು ಹಾಲು ಚೊಕ್ಕ ಅದನೂ ಇಲ್ಲೋ ಅಂತ ಕೇಳಿದ್ರು. ಎಮ್ಮಿ ಏನ್ ಮಾಡಿತ್ತು?"

ಆ ದಿನವೇ ಗಿರಣಿಗೆ ಹೋದೆ. ಸಾಹುಕಾರ ಒಬ್ಬನೇ ಗಾದಿಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದ. ಅದಕ್ಕೂ ನನಗೆ ಸಿಟ್ಟು ಬಂತು.

"ಕಲಾಯಿ ಯಾಕ ಹಾಕಸ್ಲಿಲ್ಲ, ಅಷ್ಟು ಹೇಳ್ರಿ," ಅಂದೆ.

ಅವನು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಆಮೇಲೆ ಅವನ ಕೈ ತಾನಾಗಿಯೇ ಕೆಳಗಿಳಿಯಿತು. ಅವನ ಕೈಗಳು ಹಾಗೆ ಸುಮ್ಮನೆ ಜೋತುಬಿದ್ದಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಮರ್ತೆ ಮಾರಾಯಾ," ಅಂದ. "ರಾಯಚೂರಿಗೆ ಹೋಗಿದ್ದೆ. ಗಿರಣಿ ಬೆಲ್ಟ್ ತರೂ ಗದ್ದಲದಾಗ ಮರ್ತೆ. ಸಂಜೀಕ ನೀ ಕೇಳಿದಾಗ ಎದಿ ಧಸಕ್ ಅಂತು. ಅಷ್ಟು ಮಂದಿ ಮುಂದ ಮರ್ತೆ ಅಂತ ಹೆಂಗ್ ಹೇಳ್ಲಿ? ಒಂದಿನಕ್ಕ ಏನಾಗ್ತದ ಅಂತ ಸುಮ್ಮನಾದೆ."

ಹೇಳಬೇಕಾದ ಮಾತು: ಆ ಗಳಿಗೆಯಲ್ಲಿ ನನ್ನ ಸಿಟ್ಟು ಇಳಿಯಿತು. ಮರೆವು ಯಾರಿಗಿಲ್ಲ? ನಾನು ಪೇಟೆಗೆ ಹೋಗಿ ತಂತಿ ಬಿಟ್ಟು ಬೇರೆಲ್ಲ ತಂದ ದಿನಗಳಿವೆ. ಎದುರಿಗೆ ನಿಂತವನು ಒಬ್ಬ ಸಾಧಾರಣ ಮನುಷ್ಯನಂತೆ ಕಂಡ. ಅವನ ಮೇಲೆ ಪ್ರೀತಿಯೇ ಬಂತು ಅಂದರೂ ಸುಳ್ಳಲ್ಲ.

"ಇಷ್ಟೇ ಹೇಳ್ರಿ," ಅಂದೆ. "ಯುಗಾದಿ ಮುಗಿದ ಮ್ಯಾಲೆ ಎಲ್ಲಾರ್ನೂ ಕರದು ಶಾಲು ಹಾಕ್ತೀರಲ್ಲ, ಅವತ್ತು ಮೈಕಿನ್ಯಾಗ ಈಗ ಹೇಳಿದ್ದಷ್ಟೇ ಹೇಳ್ರಿ. ಆ ಹೆಣ್ಣುಮಗಳು ಬದುಕ್ತಾಳ."

ಕೈಗಳು ಮತ್ತೆ ಮೇಲೆ ಬಂದವು. ಅಷ್ಟೇ, ಆ ಸಾಧಾರಣ ಮನುಷ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ನೋಡು ತಮ್ಮಾ, ನಂದಂತ ಅಲ್ಲ. ಮುತ್ತ್ಯಾನ ಹಂಡೇದಾಗ ವಿಷ ಇತ್ತು ಅಂತ ಮೊಮ್ಮಗನಾಗಿ ನಾ ಹೇಳ್ಲೇನು? ಮುಂದಾಳೇ ಹಿಂಗ ಮಾಡ್ಯಾನ ಅಂದ್ರ ಮುಂದಿನ ವರ್ಷ ಅಕ್ಕಿ ಯಾರು ಕೊಡ್ತಾರ, ಬ್ಯಾಳಿ ಯಾರು ಕೊಡ್ತಾರ? ಬಿಡಾರ ಬಂದಾತು. ಕಷ್ಟ ಯಾರಿಗೆ, ಆ ಭಕ್ತರಿಗೇ. ಅವರ ಸಲುವಾಗಿ ನಾ ಬಾಯಿ ಮುಚ್ಕೊಂಡೀನಿ. ಆಕಿಗೆ ನಾ ಅನ್ಯಾಯ ಮಾಡಂಗಿಲ್ಲ. ಸೀರಿ ಉಡಸ್ತೀನಿ. ಗಿರಣ್ಯಾಗ ಕಸ ಹೊಡಿಯೂ ಕೆಲಸ ಕೊಡ್ತೀನಿ. ಎಲ್ಲಾರ ಮುಂದ ಆಕಿ ಪಾದ ಹಿಡೀತೀನಿ. ಇನ್ನೇನ್ ಮಾಡ್ಲಿ?"

"ಪಾದ ಬ್ಯಾಡ್ರಿ. ಒಂದು ಮಾತು."

"ಪಾದಕ್ಕಿಂತ ದೊಡ್ಡದೇನದಪ್ಪಾ?"

ನನಗೆ ತಿರುಗಿ ಹೇಳಲು ಮಾತು ಸಿಗಲಿಲ್ಲ. ಸಿಗದಿದ್ದಾಗ ನಾನು ಬೈಯುತ್ತೇನೆ. ಬೈದೆ. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಹೊರಗೆ ಬರುವಾಗ ಹಮಾಲರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ದೇವರಂಥ ಒಡೆಯನಿಗೆ ಬೈದ ಪಾಪಿ ನಾನು.

ದಾರಿಯಲ್ಲಿ ಉತ್ತರ ಹೊಳೆಯಿತು, ಯಾವಾಗಲೂ ದಾರಿಯಲ್ಲೇ ಹೊಳೆಯುವುದು ನನಗೆ. ಪಾದ ಹಿಡಿಯುವುದರಲ್ಲಿ ಸಾಹುಕಾರನಿಗೆ ಏನೂ ಕಳೆಯುವುದಿಲ್ಲ. ಬಗ್ಗಿದಷ್ಟೂ ಅವನು ಬೆಳೆಯುತ್ತಾನೆ. ಆದರೆ "ರಾಯಚೂರಿಗೆ ಹೋಗಿದ್ದೆ, ಮರೆತೆ" ಅಂದರೆ ಅವನು ನಮ್ಮೆಲ್ಲರ ಅಳತೆಗೆ ಬಂದುಬಿಡುತ್ತಾನೆ, ಸಂತೆಯಿಂದ ಉಪ್ಪು ತರಲು ಮರೆತ ಯಾರೋ ಒಬ್ಬ. ಪಾದದ ಧೂಳಾಗಲು ಅವನು ತಯಾರಿದ್ದ. ಮರೆಗುಳಿಯಾಗಲು ತಯಾರಿರಲಿಲ್ಲ. ಇದನ್ನು ನಾನು ವಿನಯ ಅನ್ನುವುದಿಲ್ಲ, ಬೇಕಾದರೆ ನನ್ನನ್ನು ಊರು ಬಿಟ್ಟು ಓಡಿಸಿ.

ಯುಗಾದಿ ಮುಗಿದ ಮೇಲೆ ಗಿರಣಿಯ ಅಂಗಳದಲ್ಲಿ ಸಮಾರಂಭ. ಶಾಮಿಯಾನ, ಹೋಳಿಗೆ ಊಟ. ಅಕ್ಕಿ ಕೊಟ್ಟವರು, ಬೇಳೆ ಕೊಟ್ಟವರು, ಬಸ್‌ಸ್ಟ್ಯಾಂಡಿನ ವ್ಯಾಪಾರಿಗಳು, ಅರ್ಧ ಊರೇ ಬಂದಿತ್ತು. ಮೈಕು ನನ್ನದು ಎಂಬ ಒಂದೇ ಕಾರಣಕ್ಕೆ ನನಗೂ ಕರೆ ಬಂದಿತ್ತು. ಹೋಗಬೇಡಿ, ಹೋದರೆ ಬೈಯದೆ ಬರುವುದಿಲ್ಲ ಎಂದು ಹೆಂಡತಿ ಅಂದಳು. ಹೋದೆ.

ಮಜ್ಜಿಗೆಯವ್ವನನ್ನು ಕರೆತರಲು ಸಾಹುಕಾರ ಜೀಪು ಕಳಿಸಿದ್ದ. ಆಕೆ ಜೀಪು ಹತ್ತದೆ ನಡೆದು ಬಂದಳು. ಸೊಂಟದ ಮೇಲೆ ಅದೇ ಮಣ್ಣಿನ ಗಡಿಗೆ. ವೇದಿಕೆಯ ಮೇಲೆ ಮುಂದಿನ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿದರು. ಗಡಿಗೆಯನ್ನು ಆಕೆ ತೊಡೆಯ ಮೇಲಿಂದ ಇಳಿಸಲಿಲ್ಲ. ಸಾಹುಕಾರ ಸೇವೆ, ಶರಣರು, ಕಾಯಕ ಎಂದು ಬಹಳ ಹೊತ್ತು ಮಾತಾಡಿದ. ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕಲಾಯಿ ಎಂಬ ಒಂದು ಶಬ್ದಕ್ಕೆ ಕಾದೆ. ಬರಲಿಲ್ಲ. ಕೊನೆಗೆ, "ಈ ತಾಯಿ ಮನಸಿಗೆ ನೋವಾಗಿದ್ರ" ಎಂದು ದನಿ ನಡುಗಿಸಿದ, ಮೈಕನ್ನು ಆಕೆಯ ಪಕ್ಕದ ಮೇಜಿನ ಮೇಲಿಟ್ಟ, ಉದ್ದಕ್ಕೆ ಅಡ್ಡಬಿದ್ದು ಆಕೆಯ ಎರಡೂ ಪಾದ ಹಿಡಿದ. ಅಂಗಳ ಪೂರ್ತಿ "ಹರಹರ" ಅಂದಿತು. ಮೊಬೈಲುಗಳೆಲ್ಲ ಮೇಲೆದ್ದವು.

ಆಕೆ ಪಾದಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು.

"ಕಾಲು ಬಿಡ್ರಿ ಯಪ್ಪಾ. ಹಂಡೇದ ಮಾತು ಹೇಳ್ರಿ."

ಮೈಕ್ ಅಲ್ಲೇ ಇತ್ತು. ಮಾತು ಅಂಗಳದ ಎಲ್ಲ ಸ್ಪೀಕರುಗಳಲ್ಲೂ ಬಂತು. ಭಾವಮೈದುನ ನನ್ನ ಕಡೆ ತಿರುಗಿ, ಬಂದ್ ಮಾಡು ಎಂದು ಕೈಯಾಡಿಸಿದ. ನಾನು ದನಿ ಹೆಚ್ಚಿಸಿದೆ.

ಸಾಹುಕಾರ ಎದ್ದು ಮಂಡಿಯ ಮೇಲೆ ಕೂತ. ಕೆನ್ನೆಯ ಮೇಲೆ ನಿಜವಾಗಿ ನೀರಿತ್ತು. "ತಾಯೀ, ನಾ ಪಾಪಿ," ಅಂದ.

"ಪಾಪದ ಮಾತು ಬ್ಯಾಡ್ರಿ. ಹಂಡೇದ ಮಾತು ಬರಂಗಿಲ್ಲಂದ್ರ ಬಿಡ್ರಿ, ಇದನ್ನರೆ ಕುಡೀರಿ." ಆಕೆ ಗಡಿಗೆಯ ಬಾಯಿಯ ಬಟ್ಟೆ ಬಿಚ್ಚಿ ಒಂದು ಲೋಟ ಮಜ್ಜಿಗೆ ಬಗ್ಗಿಸಿದಳು. "ಬಸ್‌ಸ್ಟ್ಯಾಂಡಿನ ಮಂದಿ ಎಲ್ಲಾ ಇಲ್ಲೇ ಕುಂತಾರ. ನೀವು ಕುಡಿದದ್ದು ನೋಡಿದ್ರ ಸಾಕು ನನಗ."

ಅವನು ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಎಲ್ಲರ ಕಣ್ಣೂ ಅವನ ತುಟಿಯ ಮೇಲಿತ್ತು. ಸಾಹುಕಾರ ಲೋಟವನ್ನು ಮೆಲ್ಲಗೆ ಮೇಲೆತ್ತಿ ಬಲಗಣ್ಣಿಗೆ ಒತ್ತಿಕೊಂಡ, ಎಡಗಣ್ಣಿಗೆ ಒತ್ತಿಕೊಂಡ, ಹಣೆಗೆ ಮುಟ್ಟಿಸಿದ. ಆಮೇಲೆ ಬಲು ಭಕ್ತಿಯಿಂದ, ಒಂದು ಹನಿಯೂ ಚೆಲ್ಲದಂತೆ, ಮೇಜಿನ ಮೇಲಿಟ್ಟುಬಿಟ್ಟ. ಜನ ಚಪ್ಪಾಳೆ ತಟ್ಟಿದರು.

ನನ್ನ ತಲೆ ಕೆಟ್ಟುಹೋಯಿತು. ವೇದಿಕೆ ಹತ್ತಿ ಆ ಲೋಟಕ್ಕೆ ಕೈ ಹಾಕಿದೆ. ನಾನು ಕುಡಿಯುತ್ತೇನೆ, ಇವರೆಲ್ಲರ ಎದುರಿಗೆ ಇಡೀ ಗಡಿಗೆ ಕುಡಿಯುತ್ತೇನೆ ಎಂದು ಏನೇನೋ ಕೂಗುತ್ತಿದ್ದೆ. ಮಜ್ಜಿಗೆಯವ್ವ ನನ್ನ ಮಣಿಕಟ್ಟು ಹಿಡಿದಳು. ಎಮ್ಮೆಯ ಹಗ್ಗ ಹಿಡಿದು ಗಟ್ಟಿಯಾದ ಕೈ ಅದು, ಅಲುಗಾಡಿಸಲು ಆಗಲಿಲ್ಲ.

"ನೀ ಮುಟ್ಟಬ್ಯಾಡ ತಮ್ಮಾ," ಅಂದಳು. "ಅದು ಅವರು ಕುಡಿಯೂದು."